ಒರೆ, ಎರಕ, ಬೆಸುಗೆ: ನಮ್ಮ ವಿಮರ್ಶೆಯ ಹತಾರಗಳು ಯಾರವು?

ಕನ್ನಡದ ವಿಮರ್ಶಕರು ಕಮ್ಮಾರಸಾಲೆಗೆ ಹೋಗಿ ಕೂತವರಲ್ಲ. ಆದರೆ ಅವರ ಮಾತೆಲ್ಲ ಕಮ್ಮಾರಸಾಲೆಯದು, ಅಕ್ಕಸಾಲೆಯದು. ಯಾವ ವಿಮರ್ಶಾ ಸಂಕಲನವನ್ನಾದರೂ ತೆರೆದು ನೋಡಿ. ಕವಿಯ ಭಾಷೆ ಹದಗೊಂಡಿರುತ್ತದೆ, ಅನುಭವ ಪುಟಕ್ಕೆ ಬಿದ್ದಿರುತ್ತದೆ, ವಸ್ತು ಮತ್ತು ರೂಪ ಬೆಸೆದುಕೊಂಡಿರುತ್ತವೆ, ಪದ್ಯ ಎರಕ ಹೊಯ್ದಂತಿರುತ್ತದೆ, ಕೊನೆಗೆ ಕೃತಿಯನ್ನು ಕಾಲದ ಒರೆಗಲ್ಲಿಗೆ ಹಚ್ಚಲಾಗುತ್ತದೆ. ಕುಲುಮೆಯ ಮಾತನ್ನು ಇಷ್ಟು ಧಾರಾಳವಾಗಿ ಎತ್ತಿಕೊಂಡವರು ಕುಲುಮೆಯ ಮುಂದೆ ಕೂತು ಬೆವರಿದವನನ್ನು ಮಾತ್ರ ಸಾಹಿತ್ಯದ ಪಡಸಾಲೆಗೆ ಕರೆಯಲಿಲ್ಲ.

ಇದು ಬರೀ ಉಪಕಾರ ಸ್ಮರಣೆಯ ಪ್ರಶ್ನೆಯಾಗಿದ್ದರೆ ಬಿಟ್ಟುಬಿಡಬಹುದಿತ್ತು. ಆದರೆ 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂದಾಗಿನಿಂದ ದಲಿತ ಬರವಣಿಗೆಯ ಮೇಲೆ ಹೊರಿಸಿದ ಆಪಾದನೆಗಳೆಲ್ಲ ಇದೇ ಪೆಟ್ಟಿಗೆಯಿಂದ ಬಂದವು. ಹದ ಸಾಲದು, ಒರಟು, ಕಚ್ಚಾ, ಇನ್ನೂ ಪುಟಕ್ಕಿಡಬೇಕಿತ್ತು, ನಯಗಾರಿಕೆ ಕಡಿಮೆ. ನಮ್ಮ ಕಡೆಯವರು ಉತ್ತರ ಕೊಟ್ಟಾಗಲೂ ನೋವು ಎಷ್ಟು ನಿಜ, ಸಿಟ್ಟು ಎಷ್ಟು ನಿಜ ಎಂದು ವಾದಿಸಿದರೇ ಹೊರತು ಆ ಮಾತುಗಳನ್ನೇ ಹಿಡಿದು ತಿರುಗಿಸಿ ನೋಡಲಿಲ್ಲ. ಹದ ಅಂದರೇನು? ಒರಟು ಅಂದರೆ ಯಾವುದರ ಒರಟು? ಯಾರ ಕೈಯಲ್ಲಿ ಯಾವ ಅರ ಇತ್ತು?

ಈ ಯೋಚನೆ ನನಗೆ ಹತ್ತಿದ್ದು ನಮ್ಮ ಚಿಕ್ಕಪ್ಪನ ಸಾಮಾನಿನ ಪೆಟ್ಟಿಗೆಯ ಮುಂದೆ. ಕೃಷ್ಣರಾಜಪೇಟೆ ತಾಲ್ಲೂಕಿನ ಒಂದು ಕೇರಿಯಲ್ಲಿ ಹುಟ್ಟಿದ ಆತ ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟು ಪಾಂಡವಪುರದ ಒಂದು ಗ್ಯಾರೇಜಿಗೆ ಸೇರಿದ. ಎರಡು ವರ್ಷ ಆತನ ಕೆಲಸ ಸೀಮೆಎಣ್ಣೆ ಬಾಣಲೆಯಲ್ಲಿ ಬಿಡಿಭಾಗ ತೊಳೆಯುವುದು, ಟೀ ತರುವುದು. 'ಸ್ಪ್ಯಾನರ್ ಕೊಡು ಅಂದ್ರೆ ಕೊಡ್ಬೇಕು, ಹಿಡ್ಕಂಡು ತಿರುಗಿಸಂಗಿಲ್ಲ' ಅನ್ನುವುದು ಅಲ್ಲಿಯ ಕಾನೂನು. ಅದೇ ಗ್ಯಾರೇಜಿನಲ್ಲಿ ಆತನ ಜೊತೆಗೇ ಸೇರಿದ ಇನ್ನೊಬ್ಬ ಹುಡುಗ ಆರನೇ ತಿಂಗಳಿಗೆ ಸ್ಪ್ಯಾನರ್ ತಿರುಗಿಸುತ್ತಿದ್ದ. ಯಾಕೆ ಅಂತ ಯಾರೂ ಹೇಳಲಿಲ್ಲ, ಇವನೂ ಕೇಳಲಿಲ್ಲ. ಟೀ ಲೋಟ ಬೇರೆ ಇತ್ತು ಅನ್ನುವುದರಲ್ಲೇ ಉತ್ತರ ಇತ್ತು.

ಆದರೆ ಇಲ್ಲೊಂದು ವಿಚಿತ್ರ ನಡೆಯಿತು. ತೊಳೆಯುವವನ ಕೈಗೆ ಪ್ರತಿಯೊಂದು ಎಂಜಿನ್ನಿನ ಒಳಹೊಟ್ಟೆಯೂ ಬರುತ್ತದೆ. ಪಿಸ್ಟನ್ ರಿಂಗು ಎಲ್ಲಿ ಸವೆದಿದೆ, ಬೇರಿಂಗಿನ ಗುಂಡಿನ ಮೇಲೆ ಕಜ್ಜಿಯ ಹಾಗೆ ಎಲ್ಲಿ ಗುಳಿ ಬಿದ್ದಿದೆ, ಗೇರಿನ ಹಲ್ಲು ಯಾವ ಮಗ್ಗುಲಿಗೆ ಉಂಡಿದೆ, ಎಲ್ಲ ಬೆರಳ ತುದಿಗೆ ತಿಳಿಯುತ್ತದೆ. ಮೇಸ್ತ್ರಿ ಗಾಡಿ ಬಿಚ್ಚುವ ಮೊದಲೇ ಇವನಿಗೆ ಕಾಯಿಲೆ ಗೊತ್ತಾಗತೊಡಗಿತು. 'ಮೊದ್ಲು ಬೆಳ್ಳು ಕಲೀತು ಕಣಪ್ಪ, ಆಮ್ಯಾಕೆ ಕಿವಿ. ಸ್ಪ್ಯಾನರ್ರು ಕೊನೇಗೆ ಬಂತು' ಅನ್ನುತ್ತಾನೆ ಚಿಕ್ಕಪ್ಪ. ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಮೋಟರಿನ ಮೈಗೆ ಇಟ್ಟು, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ ಬೇರಿಂಗಿನ ಸದ್ದು ಕೇಳುವುದನ್ನು ಆತ ಹಾಗೆ ಕಲಿತದ್ದು. ಡಾಕ್ಟರ ಸ್ಟೆತಾಸ್ಕೋಪು ಮಾಡುವ ಕೆಲಸ ಅದು.

ಆತನ ಸ್ವಂತ ಅನ್ನುವ ಮೊದಲ ಸಾಮಾನುಗಳ ಪಟ್ಟಿ ಉದ್ದವಿಲ್ಲ. ಗುಜರಿಯಲ್ಲಿ ಸಿಕ್ಕ ಕಾವಿಲ್ಲದ ಸುತ್ತಿಗೆ, ಅದಕ್ಕೆ ಜಾಲಿಯ ಕಾವು ತಾನೇ ಕೆತ್ತಿ ಹಾಕಿದ್ದು. ಒಂದು ಕಡೆ ಹಲ್ಲು ಸವೆದ ಅರ. ಬಾಯಿ ಹಿಗ್ಗಿದ ಒಂದು ಹನ್ನೆರಡು-ಹದಿಮೂರರ ಸ್ಪ್ಯಾನರ್. ಗರಗಸದ ಮುರಿದ ಬ್ಲೇಡು. ಇಷ್ಟರಲ್ಲಿ ಏನೇನು ನಡೆಯಿತು ಅನ್ನುವುದನ್ನು ಹೇಳಬೇಕು, ಯಾಕೆಂದರೆ ಇದನ್ನು ಯಾರೂ ಬರೆದಿಡುವುದಿಲ್ಲ. ನಟ್ಟಿಗಿಂತ ಸ್ಪ್ಯಾನರ್ ಒಂದು ನಂಬರು ದೊಡ್ಡದಾದರೆ ಸಂದಿಗೆ ಸ್ಕ್ರೂಡ್ರೈವರಿನ ಚಪ್ಪಟೆ ತುದಿ ತೂರಿಸಿ ಬಿಗಿ ಮಾಡಿ ತಿರುಗಿಸಬಹುದು. ಸ್ಪಾರ್ಕ್ ಪ್ಲಗ್ಗಿನ ಸಂದು ಅಳೆಯಲು ಫೀಲರ್ ಗೇಜು ಬೇಕು ಅನ್ನುತ್ತದೆ ಪುಸ್ತಕ. ಗರಗಸದ ಬ್ಲೇಡಿನ ದಪ್ಪ ಹೆಚ್ಚುಕಮ್ಮಿ 0.6 ಮಿಲಿಮೀಟರು, ಬಹಳಷ್ಟು ಪ್ಲಗ್ಗುಗಳಿಗೆ ಬೇಕಾದ್ದೂ ಅಷ್ಟೇ. ಗ್ಯಾಸ್ಕೆಟ್ ಕತ್ತರಿಸಲು ಕತ್ತರಿಯೂ ಬೇಡ. ದಪ್ಪ ಕಾಗದವನ್ನು ಎಂಜಿನ್ನಿನ ಆ ಮುಖದ ಮೇಲೇ ಇಟ್ಟು ಅಂಚಿನುದ್ದಕ್ಕೂ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಹೋದರೆ ಕಬ್ಬಿಣದ ಅಂಚೇ ಕಾಗದವನ್ನು ಕತ್ತರಿಸಿಕೊಡುತ್ತದೆ. ಸವೆದ ಬೇರಿಂಗು ಗೂಡಿನಲ್ಲಿ ಅಲ್ಲಾಡಿದರೆ ಪೌಡರ್ ಡಬ್ಬಿಯ ತಗಡು ಸುತ್ತಿ ಕೂರಿಸಬಹುದು, ಒಂದು ಹಂಗಾಮು ನಡೆಯುತ್ತದೆ.

ಇದನ್ನು ಓದಿ 'ಆಹಾ, ಎಂಥ ಜಾಣತನ' ಎನ್ನುವವರು ಇದ್ದಾರೆ. ಈಚೆಗೆ ಅದಕ್ಕೆ 'ಜುಗಾಡ್' ಅಂತ ಹೆಸರಿಟ್ಟು ಮ್ಯಾನೇಜ್‌ಮೆಂಟ್ ಕಾಲೇಜುಗಳಲ್ಲಿ ಪಾಠವನ್ನೂ ಮಾಡುತ್ತಾರೆ. ಚಿಕ್ಕಪ್ಪನಿಗೆ ಈ ಹೊಗಳಿಕೆ ಹಿಡಿಸುವುದಿಲ್ಲ. 'ತಗಡು ಸುತ್ತಿದ್ದು ಬುದ್ಧಿವಂತಿಕೆ ಅಲ್ಲ ಕಣ್ಲಾ, ಬೇರಿಂಗಿಗೆ ಕಾಸಿರ್ನಿಲ್ಲ' ಅನ್ನುತ್ತಾನೆ. ಹತಾರ ಕಡಿಮೆ ಇರುವುದು ಬೇಕೆಂದು ಆರಿಸಿಕೊಂಡವನಿಗೆ ಶಿಸ್ತು. ಆರಿಸಿಕೊಳ್ಳದವನಿಗೆ ಅದು ಬೇಲಿ. ಬೇಲಿಯ ಸಂದಿಯಲ್ಲಿ ತೂರಿ ಬಂದವನನ್ನು ಮೆಚ್ಚುವ ಭರದಲ್ಲಿ ಬೇಲಿಯನ್ನು ಮರೆಯುವುದು ಒಂದು ಹುನ್ನಾರ. ಹಾಗೆಂದು ಬೇಲಿಯನ್ನು ಮಾತ್ರ ವರ್ಣಿಸುತ್ತ ತೂರಿ ಬಂದವನ ಕೈಯಲ್ಲಿರುವ ವಿದ್ಯೆಯನ್ನು ನೋಡದಿರುವುದು ನಮ್ಮದೇ ಆದ ಕುರುಡು. ಈ ಎರಡನೆಯದರ ಬಗ್ಗೆ ನಾವು ಕಡಿಮೆ ಮಾತಾಡಿದ್ದೇವೆ.

ಚಿಕ್ಕಪ್ಪನ ಪೆಟ್ಟಿಗೆಯಲ್ಲಿ ಒಂದು ಚಾಣ ಇದೆ. ಲಾರಿಯ ಮುರಿದ ಪಟ್ಟಿ ಸ್ಪ್ರಿಂಗಿನಿಂದ ಮಾಡಿದ್ದು, ನಾಗಮಂಗಲದ ಕಡೆಯ ಒಬ್ಬ ಮುದಿ ಕಮ್ಮಾರರ ಕುಲುಮೆಯಲ್ಲಿ. ಆತ ಇವನಿಗೆ ಗಾಳಿ ಚಕ್ರ ತಿರುಗಿಸುವ ಕೆಲಸ ಕೊಟ್ಟು, ಬದಲಿಗೆ ಹದ ಹಾಕುವುದನ್ನು ತೋರಿಸಿಕೊಟ್ಟರಂತೆ. ಉಕ್ಕನ್ನು ಕೆಂಡದ ಕೆಂಪಿಗೆ ಕಾಯಿಸಬೇಕು. ಎಷ್ಟು ಕೆಂಪು ಅನ್ನುವುದಕ್ಕೆ ಒಂದು ಪರೀಕ್ಷೆ ಇದೆ: ಅಯಸ್ಕಾಂತ ಹಿಡಿದರೆ ಅಂಟಬಾರದು. ಆಗ ಅದರ ತುದಿಯನ್ನಷ್ಟೇ ನೀರಿಗೆ ಅದ್ದಿ ತೆಗೆಯಬೇಕು, ಬೆನ್ನಲ್ಲಿ ಬಿಸಿ ಉಳಿದಿರಬೇಕು. ತುದಿ ಈಗ ಗಾಜಿನ ಹಾಗೆ ಗಟ್ಟಿ, ಗಾಜಿನ ಹಾಗೇ ಒಡೆಯುತ್ತದೆ. ಥಟ್ಟನೆ ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿದರೆ ಬೆನ್ನಿನ ಬಿಸಿ ತುದಿಯ ಕಡೆ ಹರಿಯುವಾಗ ಬಣ್ಣಗಳು ಓಡಿ ಬರುತ್ತವೆ. ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ಆಮೇಲೆ ನೇರಳೆ, ಕೊನೆಗೆ ನೀಲಿ. ಚಾಣಕ್ಕೆ ನೇರಳೆ ತುದಿ ಮುಟ್ಟಿದ ಗಳಿಗೆಯಲ್ಲಿ ಪೂರ್ತಿ ನೀರಿಗೆ ಹಾಕಬೇಕು. ಹಳದಿಯಲ್ಲೇ ಹಾಕಿದರೆ ಬಾಯಿ ಸಿಡಿಯುತ್ತದೆ, ನೀಲಿಗೆ ಬಿಟ್ಟರೆ ಮಡಚಿಕೊಳ್ಳುತ್ತದೆ. ಆ ಗಳಿಗೆ ಕೆಲವು ಸೆಕೆಂಡು ಅಷ್ಟೆ. ಚಿಕ್ಕಪ್ಪ ಮೊದಲ ಮೂರು ಚಾಣ ಹಾಳು ಮಾಡಿದನಂತೆ. ಕಮ್ಮಾರರು ಬೈಯಲಿಲ್ಲವಂತೆ; ಹಾಳಾದದ್ದನ್ನು ಮತ್ತೆ ಬೆಂಕಿಗೆ ಹಾಕಿದರಂತೆ.

ಈಗ ನಮ್ಮ ವಿಮರ್ಶೆಯ 'ಹದ'ಕ್ಕೆ ಬನ್ನಿ. ಅಲ್ಲಿ ಹದ ಅಂದರೆ ಒಂದು ಸ್ಥಿರವಾದ ಗುಣ, ಒಳ್ಳೆಯ ಕೃತಿಯಲ್ಲಿ ಇರುತ್ತದೆ, ಕೆಟ್ಟದ್ದರಲ್ಲಿ ಇರುವುದಿಲ್ಲ. ಕುಲುಮೆಯಲ್ಲಿ ಹದ ಅಂದರೆ ಏನನ್ನು ಕಡಿಯುವುದಕ್ಕೆ ಅನ್ನುವುದರ ಉತ್ತರ. ಚಾಣಕ್ಕೆ ನೇರಳೆ, ಸ್ಪ್ರಿಂಗಿಗೆ ನೀಲಿ, ಗೀರುವ ಸೂಜಿಗೆ ಹುಲ್ಲುಹಳದಿ. ನೀಲಿ ಹದದ ಸ್ಪ್ರಿಂಗನ್ನು ಹಿಡಿದು 'ಇದಕ್ಕೆ ಚಾಣದ ಹದ ಇಲ್ಲ' ಎಂದು ಯಾವ ಕಮ್ಮಾರನೂ ತೀರ್ಪು ಕೊಡುವುದಿಲ್ಲ. ನಮ್ಮಲ್ಲಿ ಅದೇ ನಡೆಯಿತು. ಬೀದಿಯಲ್ಲಿ, ಮೆರವಣಿಗೆಯಲ್ಲಿ, ತಮಟೆಯ ಜೊತೆ ನೂರು ಗಂಟಲಲ್ಲಿ ಹೇಳಲು ಮಾಡಿದ ಪದ್ಯವನ್ನು ಒಬ್ಬನೇ ಕೂತು ಮೌನವಾಗಿ ಓದುವ ಪದ್ಯದ ಹದಕ್ಕೆ ಹಿಡಿದು ನೋಡಲಾಯಿತು.

ಆ ಕುಲುಮೆಯ ವಿಷಯ ಇನ್ನೂ ಮುಗಿಯಲಿಲ್ಲ. ಗಾಳಿ ಚಕ್ರ ಬರುವ ಮುಂಚೆ ಕುಲುಮೆಗೆ ಗಾಳಿ ಊದುತ್ತಿದ್ದದ್ದು ತಿದಿ. ತಿದಿ ಅಂದರೆ ತೊಗಲು. ಆ ತೊಗಲನ್ನು ಸುಲಿದು ಹದ ಮಾಡಿ ಕೊಟ್ಟವರು ನಮ್ಮ ಕೇರಿಯವರು. (ತೊಗಲಿಗೂ 'ಹದ' ಅನ್ನುವ ಮಾತೇ ಇದೆ ಅನ್ನುವುದನ್ನು ನಮ್ಮ ಕಾವ್ಯಮೀಮಾಂಸಕರು ಗಮನಿಸಿದ ಹಾಗಿಲ್ಲ.) ಕಮ್ಮಾರನ ಬೆಂಕಿ ಬದುಕಿದ್ದೇ ಅಸ್ಪೃಶ್ಯನ ತೊಗಲಿನ ಉಸಿರಿನಿಂದ. ಅತ್ತ ಚಮ್ಮಾರನ ಉಳಿ, ರಂಪಿಗೆ ಬಂದದ್ದು ಕಮ್ಮಾರನಿಂದ. ಇದು ಬರೀ ನನ್ನ ಕಲ್ಪನೆಯ ಕೊಡುಕೊಳೆಯಲ್ಲ. ಮೈಸೂರು ಸೀಮೆಯ ಹಳೆಯ ಎಡಗೈ-ಬಲಗೈ ಪಣಗಳಲ್ಲಿ ಎಡಗೈಗೆ ಮುಂದಾಳುಗಳು ಪಾಂಚಾಳರು, ಅಂದರೆ ಕಮ್ಮಾರ, ಬಡಗಿ, ಕಂಚುಗಾರ, ಶಿಲ್ಪಿ, ಅಕ್ಕಸಾಲಿಗರು. ಅದೇ ಪಣದ ಕೊನೆಯಲ್ಲಿ ಮಾದಿಗರು. ಹೊಲೆಯರು ಬಣಜಿಗರ ಮುಂದಾಳ್ತನದ ಬಲಗೈಗೆ ಸೇರಿದವರು. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಶ್ರೀರಂಗಪಟ್ಟಣಕ್ಕೆ ಬಂದ ಫ್ರಾನ್ಸಿಸ್ ಬುಕನನ್ ಈ ಎರಡು ಬಣಗಳ ವಿಚಾರ ಬರೆದಿದ್ದಾನೆ. ಇವತ್ತು ನಾವು ಎಡಗೈ-ಬಲಗೈ ಎಂದರೆ ಒಳಮೀಸಲಾತಿ ಮಾತ್ರ ನೆನಪಾಗುತ್ತದೆ. 2024ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಒಳವರ್ಗೀಕರಣಕ್ಕೆ ದಾರಿ ಬಿಟ್ಟ ಮೇಲಂತೂ ಆ ಮಾತು ನಮ್ಮ ನಮ್ಮಲ್ಲೇ ಚೂರಿಯಂತಾಗಿದೆ. ಅದರ ಹಿಂದೆ ಬೆಂಕಿ ಮತ್ತು ತೊಗಲಿನ ಒಂದು ಪಾಲುದಾರಿಕೆಯ ಚರಿತ್ರೆ ಇತ್ತು. ಪಾಲುದಾರಿಕೆ ಅಂದೆ, ಸಮಾನತೆ ಅನ್ನಲಿಲ್ಲ. ತಿದಿ ಒಳಗೆ ಹೋಯಿತು, ತಿದಿ ಮಾಡಿದವನು ಹೊರಗೇ ನಿಂತ.

ಹನ್ನೆರಡನೆಯ ಶತಮಾನದ ಶರಣರ ನಡುವೆ, ಬಸವಣ್ಣನಿಗಿಂತ ಹಿರಿಯ ಎಂದು ಪರಂಪರೆ ಹೇಳುವ ಮಾದಾರ ಚೆನ್ನಯ್ಯನ ಅಂಕಿತವನ್ನು ಈ ಬೆಳಕಲ್ಲಿ ನೋಡಬೇಕು. ಬೇರೆಯವರು ತಮ್ಮ ಅಂಕಿತದಲ್ಲಿ ದೇವರನ್ನು ಮಾತ್ರ ಇಟ್ಟರೆ ಈತ ದೇವರ ಮುಂಚೆ ಮೂರು ಸಾಮಾನು ಇಟ್ಟಿದ್ದಾನೆ: ಕೈಯುಳಿ, ಕತ್ತಿ, ಅಡಿಗೂಂಟ. ಅವುಗಳಿಗೆ ಅಡಿಯಾಗಬೇಡ ಅನ್ನುವ ಎಚ್ಚರವನ್ನೂ ಅಂಕಿತದೊಳಗೇ ಹೇಳಿಕೊಂಡಿದ್ದಾನೆ. ಇದನ್ನು ಅಧ್ಯಾತ್ಮವಾಗಿ ಓದಿದವರು ಹತಾರವೆಂದರೆ ಲೌಕಿಕ ಬಂಧನ ಎಂದು ಅರ್ಥ ಹೇಳಿ ಮುಗಿಸಿದರು. ನನಗೆ ಅನ್ನಿಸುವುದು ಬೇರೆ. ಕುಲಕಸುಬು ಹತಾರವನ್ನು ಮನುಷ್ಯನ ಕೈಗೆ ಕೊಡುವುದಿಲ್ಲ, ಮನುಷ್ಯನನ್ನೇ ಹತಾರದ ಕೈಗೆ ಕೊಡುತ್ತದೆ. ಇಂಥ ಉಳಿಗೆ ಇಂಥ ಜಾತಿ. ಆ ಮಾತನ್ನು ಚೆನ್ನಯ್ಯನಷ್ಟು ಅಡಕವಾಗಿ ಹೇಳಿದವರು ಕಡಿಮೆ. ಅವನು ಉಳಿಯನ್ನು ಎಸೆಯಲಿಲ್ಲ ಅನ್ನುವುದನ್ನೂ ಗಮನಿಸಿ. ಪ್ರತಿ ವಚನದ ಕೊನೆಗೂ ಅದನ್ನು ಕೈಗೆತ್ತಿಕೊಂಡ.

ಇದೇ ನಂಟಿನ ತೀರ ಕ್ರೂರ ರೂಪವನ್ನು ಸಿದ್ಧಲಿಂಗಯ್ಯನವರ 'ಊರುಕೇರಿ'ಯಲ್ಲಿ ಕಾಣುತ್ತೇವೆ. ಹೊಲದಲ್ಲಿ ನೊಗಕ್ಕೆ ಹೆಗಲು ಕೊಟ್ಟು ಎತ್ತುಗಳ ಹಾಗೆ ಎಳೆಯುತ್ತಿದ್ದ ಇಬ್ಬರಲ್ಲಿ ಒಬ್ಬರು ತನ್ನ ತಂದೆ ಎಂದು ಆ ಹುಡುಗ ನೋಡುತ್ತಾನೆ. ಅಲ್ಲಿ ಮನುಷ್ಯನೇ ಹತಾರ. ಅಂಥ ಮನೆಯ ಮಗನೊಬ್ಬ ಒಂದು ಸ್ಪ್ಯಾನರ್ ಹಿಡಿಯುವುದು ಬರೀ ಹೊಟ್ಟೆಪಾಡಲ್ಲ. ಅದು ಅಪ್ಪನಿಂದ ಬಂದದ್ದಲ್ಲ, ಜಾತಿ ಬರೆದು ಕೊಟ್ಟದ್ದಲ್ಲ. ಪೊರಕೆ ಬಿಸಾಡಿ, ತಮಟೆ ಬಿಸಾಡಿ ಎಂದು ಚಳವಳಿ ಹೇಳಿದಾಗ ಕೈ ಖಾಲಿ ಆಯಿತು. ಖಾಲಿಯಾದ ಆ ಕೈಗೆ ಏನು ಬಂತು ಅನ್ನುವುದರ ಕತೆಯನ್ನು ನಾವು ಪೆನ್ನು, ಪುಸ್ತಕ, ಸರ್ಕಾರಿ ನೌಕರಿ ಎಂದಷ್ಟೇ ಹೇಳಿಕೊಂಡೆವು. ಸ್ಪ್ಯಾನರ್ ಹಿಡಿದವರು ಪೆನ್ನು ಹಿಡಿದವರಿಗಿಂತ ಬಹಳ ಮಂದಿ ಇದ್ದರು.

ಅಂಬೇಡ್ಕರ್ ಇದನ್ನು ಮರೆತಿರಲಿಲ್ಲ. ಜಾತಿ ದುಡಿಮೆಯ ವಿಭಜನೆ ಮಾತ್ರವಲ್ಲ, ದುಡಿಯುವವರ ವಿಭಜನೆ ಎಂದು 1936ರಲ್ಲಿ ಅವರು ಬರೆದದ್ದನ್ನು ನಾವೆಲ್ಲ ಭಾಷಣದಲ್ಲಿ ಬಳಸುತ್ತೇವೆ. ಅದಕ್ಕೆ ಎಂಟು ವರ್ಷ ಮುಂಚೆ, 1928ರ ಮುಂಬಯಿ ಗಿರಣಿ ಮುಷ್ಕರದ ಹೊತ್ತಿನಲ್ಲಿ ಅವರು ಎತ್ತಿದ ಪ್ರಶ್ನೆ ಮಾತ್ರ ನಮಗೆ ಅಷ್ಟಾಗಿ ನೆನಪಿಲ್ಲ. ಹೆಚ್ಚು ಕೂಲಿ ಸಿಗುವ ನೇಯ್ಗೆ ವಿಭಾಗಕ್ಕೆ ಅಸ್ಪೃಶ್ಯರನ್ನು ಬಿಡುತ್ತಿರಲಿಲ್ಲ. ಕಾರಣ, ಲಾಳಿಯ ಕಣ್ಣಿಗೆ ನೂಲು ಏರಿಸಲು ಬಾಯಲ್ಲಿ ಹೀರಬೇಕಿತ್ತು. ಅಸ್ಪೃಶ್ಯನ ಎಂಜಲು ತಾಗಿದ ಲಾಳಿಯನ್ನು ಇನ್ನೊಬ್ಬ ಕಾರ್ಮಿಕ ಬಾಯಿಗಿಡಲು ಒಪ್ಪುತ್ತಿರಲಿಲ್ಲ. ಹೊಸ ಯಂತ್ರ, ವಿಲಾಯಿತಿ ಕಬ್ಬಿಣ, ಹಬೆಯ ಶಕ್ತಿ, ಎಲ್ಲ ಬಂದರೂ ಹಳೆಯ ಮೈಲಿಗೆ ಲಾಳಿಯ ಕಣ್ಣಿನಷ್ಟು ಸಣ್ಣ ಜಾಗದಲ್ಲಿ ಬದುಕಿಕೊಂಡಿತು. 1942ರಲ್ಲಿ ವೈಸರಾಯ್‌ಗೆ ಕೊಟ್ಟ ಮನವಿಯಲ್ಲಿ ಅಂಬೇಡ್ಕರ್ ಸರ್ಕಾರಿ ಮುದ್ರಣಾಲಯಗಳಲ್ಲಿ, ರೈಲ್ವೆ ಕಾರ್ಯಾಗಾರಗಳಲ್ಲಿ ನಮ್ಮ ಹುಡುಗರಿಗೆ ತಾಂತ್ರಿಕ ತರಬೇತಿ ಬೇಕೆಂದು ಕೇಳಿದರು. ವಿದೇಶದ ವಿದ್ಯಾರ್ಥಿವೇತನದ ಬೇಡಿಕೆಯ ಪಕ್ಕದಲ್ಲೇ ಅದೂ ಇತ್ತು.

ನಮ್ಮ ಕಡೆಯ ಲಾಳಿಯ ಕಣ್ಣು ಆಯುಧಪೂಜೆ. ಈ ಸೀಮೆಯ ದಸರಾ ಶುರುವಾದದ್ದೇ ಶ್ರೀರಂಗಪಟ್ಟಣದಲ್ಲಿ, 1610ರಲ್ಲಿ, ರಾಜ ಒಡೆಯರ ಕಾಲಕ್ಕೆ. ಅರಮನೆಯ ಕತ್ತಿ ಗುರಾಣಿಗೆ ಮಾಡಿದ ಪೂಜೆ ಇವತ್ತು ಟ್ರ್ಯಾಕ್ಟರಿಗೆ, ವೆಲ್ಡಿಂಗ್ ಮೆಷಿನ್ನಿಗೆ ಬಂದಿದೆ. ಚಿಕ್ಕಪ್ಪನ ಗ್ಯಾರೇಜಿನಲ್ಲಿ ಹಬ್ಬದ ಹಿಂದಿನ ದಿನ ಎಲ್ಲ ಸಾಮಾನನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಹೊಳೆಯುವ ಹಾಗೆ ಮಾಡುತ್ತಿದ್ದವನು ಅವನೇ. ಮರುದಿನ ಕುಂಕುಮ ಇಟ್ಟು ಬೂದುಗುಂಬಳಕಾಯಿ ಒಡೆಯುವಾಗ ಇವನು ರಸ್ತೆಯ ಆ ಬದಿಗೆ. 'ಇವತ್ತು ಸಾಮಾನು ದ್ಯಾವ್ರು, ಮುಟ್ಬಾರ್ದು' ಅಂ­ದರಂತೆ. ವರ್ಷವೆಲ್ಲ ಮುಟ್ಟಬಾರದು ಅನ್ನಿಸಿಕೊಂಡವನಿಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ. ಇದನ್ನು ಆತ ನಗುತ್ತಲೇ ಹೇಳುತ್ತಾನೆ. ನನಗೆ ನಗು ಬರುವುದಿಲ್ಲ.

ಈ ನಾಲ್ಕು ತಾಲ್ಲೂಕುಗಳು ಕನ್ನಡ ಸಾಹಿತ್ಯಕ್ಕೆ ಅಪರಿಚಿತವಲ್ಲ. ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಬಿಎಂಶ್ರೀ ಅವರದು. ಪಾಂಡವಪುರ ತಾಲ್ಲೂಕಿನ ಮೇಲುಕೋಟೆ ಪುತಿನ ಅವರದು. ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿ ಕೆ.ಎಸ್. ನರಸಿಂಹಸ್ವಾಮಿಯವರದು, ಅಕ್ಕಿಹೆಬ್ಬಾಳು ಎ.ಎನ್. ಮೂರ್ತಿರಾಯರದು. ನವೋದಯದ ಅರ್ಧ ಮನೆ ಇಲ್ಲೇ ಕಟ್ಟಿದ್ದು ಎಂದರೂ ನಡೆದೀತು. ಆ ಮನೆಯಲ್ಲಿ ಬೆಟ್ಟ ಇದೆ, ಹೊಳೆ ಇದೆ, ಗುಡಿ ಇದೆ, ಸಂಜೆಯ ದೀಪ ಇದೆ. 1942ರ 'ಮೈಸೂರ ಮಲ್ಲಿಗೆ'ಯಲ್ಲಿ ಬಳೆಗಾರ ಚೆನ್ನಯ್ಯ ಕೂಡ ಇದ್ದಾನೆ, ಆದರೆ ಅವನು ಬರುವುದು ತವರಿನ ಸುದ್ದಿಯ ಓಲೆಕಾರನಾಗಿ. ಬಳೆಯ ಗಾಜು ಕಾಯಿಸಿದ ಒಲೆ ಪದ್ಯದ ಆಚೆಗೆ. ನರಸಿಂಹಸ್ವಾಮಿಯವರಿಗೆ 'ಇಕ್ಕಳ' ಎಂಬ ಹೆಸರಿನದೇ ಒಂದು ಪದ್ಯ ಇದೆ. ಏನು ಮಾಡಿದರೂ ಆಡಿಕೊಳ್ಳುವ ಮಂದಿಯ ಬಗ್ಗೆ ಅದು. ಒಳ್ಳೆಯ ಪದ್ಯ, ನಾನೇ ತರಗತಿಯಲ್ಲಿ ಇಷ್ಟಪಟ್ಟು ಪಾಠ ಮಾಡಿದ್ದೇನೆ. ಒಂದು ಸಲ ಪಾಠ ಮುಗಿದ ಮೇಲೆ ಐಟಿಐ ಫಿಟ್ಟರ್ ಮುಗಿಸಿ ಬಿ.ಎ.ಗೆ ಬಂದಿದ್ದ ಹುಡುಗ ಎದ್ದು, 'ಸಾರ್, ಇಕ್ಕಳದಲ್ಲಿ ಸಿಕ್ಕಾಕಿಕೊಂಡಿರೋನ ಕಡೆಯಿಂದಲೇ ಪದ್ಯ ಇದೆಯಲ್ಲ, ಇಕ್ಕಳ ಹಿಡಿದಿರೋನು ಎಲ್ಲಿ?' ಅಂದ. ತರಗತಿ ನಕ್ಕಿತು. ನಾನು ಅವತ್ತು ಉತ್ತರ ಹೇಳಲಿಲ್ಲ, ಈ ಲೇಖನ ಬರೆಯತೊಡಗಿದೆ.

ಚರಿತ್ರೆಯೂ ಕವಿತೆಗಿಂತ ಉದಾರವಾಗಿಲ್ಲ. ಪಾಂಡವಪುರದ ಹಳೆಯ ಹೆಸರು ಹಿರೋಡೆ. ಹೈದರ್-ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಪಡೆ ಅಲ್ಲಿ ಬೀಡುಬಿಟ್ಟದ್ದಕ್ಕೆ ಇಂಗ್ಲಿಷರು ಅದನ್ನು ಫ್ರೆಂಚ್ ರಾಕ್ಸ್ ಎಂದರು. ಬಂದುಹೋದ ಪಡೆಗೆ ಊರಿನ ಹೆಸರೇ ಸಿಕ್ಕಿತು. ಮೈಸೂರಿನ ರಾಕೆಟ್ಟು 1780ರ ಪೊಳ್ಳಿಲೂರಿನಲ್ಲಿ ಕಂಪನಿ ಪಡೆಯನ್ನು ಕಂಗೆಡಿಸಿತು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲೆಂಡಿಗೆ ಸಾಗಿ ಕಾಂಗ್ರೀವ್‌ನ ರಾಕೆಟ್ಟಿಗೆ ಮಾದರಿಯಾಯಿತು. ಅದರ ಗುಟ್ಟು ಕಬ್ಬಿಣದ ನಳಿಗೆ. ಮದ್ದನ್ನು ಕಾಗದದ ಕೊಳವೆಯಲ್ಲಿ ತುಂಬುವ ಬದಲು ಕಬ್ಬಿಣದ ತಗಡು ಸುತ್ತಿದ ನಳಿಗೆಯಲ್ಲಿ ಒತ್ತಿ ತುಂಬಿದ್ದರಿಂದ ಒಳಗಿನ ಒತ್ತಡ ತಡೆದು ಅಷ್ಟು ದೂರ ಹಾರಿತು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಬಾವಿಯೊಂದರಲ್ಲಿ ಅಂಥ ಸಾವಿರಕ್ಕೂ ಹೆಚ್ಚು ನಳಿಗೆಗಳು ಸಿಕ್ಕವು. ಹೈದರನ ಹೆಸರಿದೆ, ಟಿಪ್ಪುವಿನ ಹೆಸರಿದೆ, ಕಾಂಗ್ರೀವ್‌ನ ಹೆಸರಂತೂ ಇದ್ದೇ ಇದೆ. ಆ ತಗಡನ್ನು ಬಡಿದು ಸುರುಳಿ ಸುತ್ತಿದವನ ಹೆಸರಿಲ್ಲ. ಟಿಪ್ಪುವಿನ ಪರ-ವಿರೋಧದ ಜಗಳದಲ್ಲಿ ದನಿ ಎತ್ತುವ ಎರಡೂ ಕಡೆಯವರಿಗೆ ಈ ಹೆಸರಿಲ್ಲದಿರುವಿಕೆ ಒಂದು ಸಮಸ್ಯೆ ಅಂತಲೇ ಅನ್ನಿಸಿಲ್ಲ.

ಇನ್ನು ಮೊದಲು ಎತ್ತಿದ ಮಾತುಗಳಿಗೆ ಹಿಂತಿರುಗಬೇಕು.

ಒರೆಗಲ್ಲು ಚಿನ್ನಕ್ಕೆ. ಕಪ್ಪು ಕಲ್ಲಿಗೆ ಚಿನ್ನ ತೀಡಿದರೆ ಗೆರೆಯ ಬಣ್ಣ ಅದರ ಪರಿಶುದ್ಧಿ ಹೇಳುತ್ತದೆ. ಕಬ್ಬಿಣವನ್ನು ಅದಕ್ಕೆ ತೀಡಿ ಏನನ್ನೂ ತಿಳಿಯಲಾಗದು. ಕಬ್ಬಿಣದ ಪರೀಕ್ಷೆ ಬೇರೆ: ಸಾಣೆಚಕ್ರಕ್ಕೆ ಒತ್ತಿ ಕಿಡಿ ನೋಡುತ್ತಾರೆ. ಮೆದು ಉಕ್ಕಿನ ಕಿಡಿ ಉದ್ದಕ್ಕೆ ಗೆರೆಯಾಗಿ ಹೋಗುತ್ತದೆ, ಇಂಗಾಲ ಹೆಚ್ಚಿರುವ ಉಕ್ಕಿನ ಕಿಡಿ ತುದಿಯಲ್ಲಿ ಹೂವಿನ ಹಾಗೆ ಸಿಡಿಯುತ್ತದೆ, ಎರಕದ ಕಬ್ಬಿಣದ್ದು ಕೆಂಪಗೆ ಗಿಡ್ಡ. ಅಂದರೆ ಕಬ್ಬಿಣವನ್ನು ತಿಳಿಯಬೇಕಾದರೆ ಅದನ್ನು ಇನ್ನೊಂದಕ್ಕೆ ಗಟ್ಟಿಯಾಗಿ ತಾಗಿಸಿ ಕಿಡಿ ಎಬ್ಬಿಸಬೇಕು. ನಮ್ಮ ಪಂಡಿತರು ಕೊಡಲಿಯನ್ನು ಒರೆಗಲ್ಲಿಗೆ ಉಜ್ಜಿ ಎಷ್ಟು ಕ್ಯಾರೆಟ್ಟು ಎಂದು ಕೇಳುತ್ತ ಕೂತರು. 1973ರಲ್ಲಿ ಬಸವಲಿಂಗಪ್ಪನವರು ಬೂಸಾ ಎಂದಾಗ ಎದ್ದ ಗದ್ದಲವನ್ನು ನೆನೆಸಿಕೊಂಡರೆ, ಒಂದೇ ಒಂದು ಸಲ ಅವರು ಇಡೀ ಸಾಹಿತ್ಯವನ್ನು ಸಾಣೆಚಕ್ರಕ್ಕೆ ಒತ್ತಿದರು ಅನ್ನಬಹುದು. ಕಿಡಿ ಯಾವ ಬಗೆಯದು ಎಂದು ನೋಡಬೇಕಿತ್ತು. ಕಲ್ಲು ಎಸೆದರು.

ಎರಕ. 'ಎರಕ ಹೊಯ್ದಂತೆ' ಅಂದರೆ ನಮ್ಮಲ್ಲಿ ಪರಿಪೂರ್ಣ ಎಂದರ್ಥ. ಲೋಹದ ವಿಗ್ರಹಗಳಿಗೆ ಹೆಸರಾದ ನಾಗಮಂಗಲದಲ್ಲಿ ಈ ಮಾತು ಹೇಳಿದರೆ ಎರಕದವರು ನಕ್ಕಾರು. ಮೇಣದಲ್ಲಿ ರೂಪ ಮಾಡಿ, ಅದಕ್ಕೆ ಮಣ್ಣು ಮೆತ್ತಿ, ಒಣಗಿಸಿ, ಕಾಯಿಸಿ ಮೇಣ ಹರಿಸಿ, ಖಾಲಿಯಾದ ಜಾಗಕ್ಕೆ ಕರಗಿದ ಲೋಹ ಹೊಯ್ಯುತ್ತಾರೆ. ಆರಿದ ಮೇಲೆ ಮಣ್ಣು ಒಡೆದರೆ ಹೊರಗೆ ಬರುವುದು ಕಪ್ಪಗೆ, ತರಿತರಿಯಾಗಿ, ಲೋಹ ಹರಿದು ಬಂದ ದಾರಿಗಳು ಕೊಂಬಿನ ಹಾಗೆ ಅಂಟಿಕೊಂಡಿರುವ ಒಂದು ಒರಟು ಮುದ್ದೆ. ಆಮೇಲೆ ವಾರಗಟ್ಟಲೆ ಅರ, ಉಳಿಯ ಕೆಲಸ. ಹೊಸದಾಗಿ ಎರಕ ಹೊಯ್ದ ವಸ್ತುವಿನಷ್ಟು ಒರಟಾದದ್ದು ಇನ್ನೊಂದಿಲ್ಲ! ಈ ರೂಪಕವನ್ನು ಮೊದಲು ಬಳಸಿದ ವಿಮರ್ಶಕ ಗುಡಿಯಲ್ಲಿ ವಿಗ್ರಹ ನೋಡಿದ್ದನೇ ಹೊರತು ಒಡೆದ ಮಣ್ಣಿನ ಅಚ್ಚನ್ನು ನೋಡಿರಲಿಲ್ಲ. ದಲಿತ ಕಾವ್ಯದ ಮೊದಲ ಹತ್ತು ವರ್ಷ ಅಕ್ಷರಶಃ ಎರಕ ಹೊಯ್ದಂತಿತ್ತು. ಅಚ್ಚು ಒಡೆದ ಶಬ್ದವೂ ಅದರಲ್ಲಿ ಕೇಳುತ್ತದೆ.

ಬೆಸುಗೆ. ಕೃತಿಯಲ್ಲಿ ಬೆಸುಗೆಯ ಗುರುತು ಕಾಣಬಾರದು ಎನ್ನುತ್ತದೆ ನಮ್ಮ ಕಾವ್ಯವಿವೇಕ. ವೆಲ್ಡಿಂಗ್ ಮಾಡುವವರನ್ನು ಕೇಳಿ. ಎರಡು ಪಟ್ಟಿ ಸೇರುವ ಮೂಲೆಯಲ್ಲಿ ಉಬ್ಬಿ ಕೂತ ವೆಲ್ಡಿಂಗ್ ಗೆರೆಯನ್ನು ಅಂದಕ್ಕಾಗಿ ಸಾಣೆ ಹಿಡಿದು ನುಣ್ಣಗೆ ಮಾಡಿದರೆ ಕೀಲಿನ ಬಲವೇ ಕುಗ್ಗುತ್ತದೆ. ಉಬ್ಬು ಕಾಣುತ್ತಿರುವುದು ಕೀಲಿನ ಶಕ್ತಿ. 'ಕುಸುಮಬಾಲೆ' 1984ರಲ್ಲಿ ಬಂದಾಗ ಓದುಗರು ಎಡವಿದ್ದು ಅದರ ಕೀಲುಗಳಲ್ಲೇ. ಆಡುಮಾತು ಹಾಡಾಗುವಲ್ಲಿ, ಮನುಷ್ಯರ ಮಾತು ನಿಂತು ಜೋತಮ್ಮಂದಿರ ಮಾತು ಶುರುವಾಗುವಲ್ಲಿ ದೇವನೂರರು ಉಬ್ಬನ್ನು ಉಜ್ಜಿ ಅಳಿಸಲಿಲ್ಲ. ಎಲ್. ಬಸವರಾಜು ಆ ಗದ್ಯವನ್ನು ಪದ್ಯದ ಸಾಲುಗಳಾಗಿ ಮುರಿದು ತೋರಿಸಿದರು. ಕೀಲು ಎಲ್ಲೆಲ್ಲಿದೆ ಎಂದು ಬೆರಳಿಟ್ಟು ತೋರಿಸಿದ ಒಳ್ಳೆಯ ಓದು ಅದು. ಇದೇ ದೇವನೂರರ 'ದ್ಯಾವನೂರು' ಸಂಕಲನದಲ್ಲಿ 'ಡಾಂಬರು ಬಂದುದು' ಎಂಬ ಕತೆ ಇದೆ. ಒಂದು ವಸ್ತು ಊರಿಗೆ ಬಂದದ್ದೇ ಕತೆಯ ಹೆಸರಾಗಬಹುದು ಅನ್ನುವ ಧೈರ್ಯ ನಮ್ಮ ಕತೆಗಾರರಿಗೆ ಎಪ್ಪತ್ತರ ದಶಕದಲ್ಲೇ ಇತ್ತು, ವಿಮರ್ಶಕರಿಗೆ ಬರಲಿಲ್ಲ. ಡಿ.ಆರ್. ನಾಗರಾಜ್ ಒಬ್ಬರು ಕುಶಲಕರ್ಮಿ ಸಮುದಾಯಗಳ ತಾಂತ್ರಿಕ ನೆನಪಿನ ನಾಶದ ಬಗ್ಗೆ ಗಂಭೀರವಾಗಿ ಯೋಚಿಸಿದರು. 1998ರಲ್ಲಿ ಅವರು ತೀರಿಕೊಂಡ ಮೇಲೆ ಆ ದಾರಿಯಲ್ಲಿ ಹೆಚ್ಚು ಹೆಜ್ಜೆಗಳು ಬೀಳಲಿಲ್ಲ. ಅವರ ನೆನಪಿನ ಚಿಂತನೆ ಹಿಂದೆ ಇದ್ದದ್ದನ್ನು ಕಳೆದುಕೊಂಡವರದು. ನಾನು ಹೇಳುತ್ತಿರುವವರು ಹಿಂದೆ ಇಲ್ಲದ್ದನ್ನು ಹೊಸದಾಗಿ ಕೈಗೆ ತಂದುಕೊಂಡವರು.

ಇಷ್ಟು ಹೇಳಿದ ಮೇಲೆ ನಮ್ಮವರ ಮುಂದೆ ಒಂದು ಅಪ್ರಿಯ ಮಾತನ್ನೂ ಆಡಬೇಕು. ಆ ಫಿಟ್ಟರ್ ಹುಡುಗ ತನ್ನ ಮೊದಲ ತಿಂಗಳುಗಳ ಕತೆ ಹೇಳಿದ. ಒಂದು ಕಬ್ಬಿಣದ ತುಂಡು ಕೊಟ್ಟು ಚೌಕ ಮಾಡು ಎನ್ನುತ್ತಾರೆ. ಕೈಯಲ್ಲಿ ಅರ ಒಂದೇ. ಮುಂದಕ್ಕೆ ತಳ್ಳುವಾಗ ಮಾತ್ರ ಒತ್ತಬೇಕು, ಹಿಂದಕ್ಕೆ ಎಳೆಯುವಾಗ ಒತ್ತಿದರೆ ಹಲ್ಲು ಸಾಯುತ್ತದೆ. ಕೈ ತೂಗಿದರೆ ಮೈ ಬೆನ್ನುಬ್ಬಿಕೊಳ್ಳುತ್ತದೆ. ಕಣ್ಣಿಗೆ ಸಮ ಅನ್ನಿಸಿದರೂ ಮೂಲೆಮಟ್ಟ ಇಟ್ಟು ಬೆಳಕಿಗೆ ಹಿಡಿದರೆ ಸಂದಿನಲ್ಲಿ ಕೂದಲೆಳೆಯಷ್ಟು ಬೆಳಕು ಕಾಣುತ್ತದೆ. ಮತ್ತೆ ಉಜ್ಜು. 'ಆ ಬೆಳಕಿಗೆ ನನ್ನ ಜಾತಿ ಗೊತ್ತಿರ್ಲಿಲ್ಲ ಸಾರ್. ಮೇಷ್ಟ್ರಿಗೆ ಗೊತ್ತಿತ್ತು. ಅದಕ್ಕೇ ನಂಗೆ ಬೆಳಕೇ ಇಷ್ಟ' ಅಂದ. ಇದನ್ನು ನಾನು ಮರೆಯಲಾರೆ. ಶೋಷಿತರ ಬರಹ ಎಂಬ ಒಂದೇ ಕಾರಣಕ್ಕೆ ಸಂದು ಬಿಟ್ಟ ಪದ್ಯವನ್ನು ನಮ್ಮ ಪತ್ರಿಕೆಗಳು ಒಪ್ಪಿಕೊಂಡಿವೆ, ನಾನೂ ಮುನ್ನುಡಿ ಬರೆದಿದ್ದೇನೆ. ಅದು ಮೇಷ್ಟರ ತಾತ್ಸಾರಕ್ಕೆ ಉತ್ತರವಲ್ಲ, ಅದರದೇ ಇನ್ನೊಂದು ಮುಖ. ಹತಾರ ಕಡಿಮೆ ಇತ್ತು ಅನ್ನುವುದು ಒರಟನ್ನು ಅರ್ಥ ಮಾಡಿಸುತ್ತದೆ. ಅರ ಕೈಗೆ ಬಂದು ಐವತ್ತು ವರ್ಷವಾದ ಮೇಲೂ ಅದನ್ನೇ ಹೇಳಿಕೊಂಡಿರುವುದನ್ನು ಆ ಹುಡುಗ ಒಪ್ಪಲಾರ. ಬಿಗಿಯಾಗದ ಬೋಲ್ಟು ಯಾರ ಕಣ್ಣೀರಿಗೂ ಬಿಗಿಯಾಗುವುದಿಲ್ಲ.

ನಮ್ಮ ಚಳವಳಿಯ ತೊಟ್ಟಿಲು ಕೂಡ ಒಂದು ಕಬ್ಬಿಣದ ಊರು ಅನ್ನುವುದನ್ನು ಇಲ್ಲಿ ನೆನೆಯಬೇಕು. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣ ಕರಗತೊಡಗಿತು. ಎಪ್ಪತ್ತರ ದಶಕದಲ್ಲಿ ಅದೇ ಊರಿನಲ್ಲಿ ಕನ್ನಡ ಮೇಷ್ಟರಾಗಿದ್ದ ಬಿ. ಕೃಷ್ಣಪ್ಪನವರಿಂದ ದಲಿತ ಸಂಘರ್ಷ ಸಮಿತಿ ರೂಪುಗೊಂಡಿತು. ಕೃಷ್ಣಪ್ಪ ವಿಮರ್ಶಕರೂ ಹೌದು. ಕುಲುಮೆಯ ಪಕ್ಕದಲ್ಲೇ ಹುಟ್ಟಿದ ವಿಮರ್ಶೆ ತನ್ನ ಪರಿಭಾಷೆಯನ್ನು ಮಾತ್ರ ಮೈಸೂರಿನ ಪಡಸಾಲೆಯಿಂದ ಸಾಲ ತಂದದ್ದು ಹೇಗೆ ಅನ್ನುವುದು ಬೇರೊಂದು ಲೇಖನಕ್ಕೆ ವಸ್ತು.

ಈ ಬರಹದ ಕರಡನ್ನು ಹೋದ ವಾರ ಚಿಕ್ಕಪ್ಪನಿಗೆ ಓದಿ ಹೇಳಿದೆ. ಚಾಣದ ಭಾಗದಲ್ಲಿ ತಿದ್ದಿದ. ನಾನು ನೀಲಿ ಎಂದು ಬರೆದುಕೊಂಡಿದ್ದೆ, ನೇರಳೆ ಅಂದ. ಆಮೇಲೆ ಸಿದ್ಧಲಿಂಗಯ್ಯನವರ ಪದ್ಯ ಓದು ಅಂದ. ಮೊದಲ ಸಂಕಲನದ ಎರಡು, ಆಮೇಲೆ 1979ರ 'ಸಾವಿರಾರು ನದಿಗಳು' ಸಂಕಲನದಿಂದ ಒಂದು ಓದಿದೆ. ಕಣ್ಣು ಮುಚ್ಚಿ ಕೇಳಿದ, ಬೇರಿಂಗು ಕೇಳುವ ಹಾಗೆ. 'ಮೊದಲ್ನೇವು ಎರಡೂ ಒಂದೇ ಸುತ್ತಿಗೇಲಿ ಮಾಡವ್ನೆ. ಏಟು ಚೆನ್ನಾಗದೆ, ಆದ್ರೆ ಎಲ್ಲಾ ಕಡೀಕೂ ಒಂದೇ ಏಟು. ಕೊನೇದ್ರಾಗೆ ಅರ ಸಿಕ್ಕೈತೆ ಅವನ್ಗೆ' ಅಂದ. ಇನ್ನೊಂದು ಓದು ಅನ್ನುವಷ್ಟರಲ್ಲಿ ಫೋನು ಬಂತು. ಯಾರದೋ ಆಲೆಮನೆಯಲ್ಲಿ ಕ್ರಷರ್ ನಿಂತಿದೆ, ಹಿಂಡಿದ ಹಾಲು ಕೊಪ್ಪರಿಗೆಯಲ್ಲಿದೆ, ತಡವಾದರೆ ಹುಳಿ ಬರುತ್ತದೆ, ಬೇಗ ಬಾ ಎಂದು. ಗೌಡರ ಆಲೆಮನೆ, ಇಪ್ಪತ್ತು ವರ್ಷದ ಹಿಂದೆ ಒಳಗೆ ಬಿಡುತ್ತಿರಲಿಲ್ಲ. ಈಗಲೂ ಅರ್ಧರಾತ್ರಿಗೆ ಒಳಗೆ, ರಿಪೇರಿ ಆದ ಮೇಲೆ ಬೆಲ್ಲ ಹೊರಗೆ ತಂದು ಕೊಡುತ್ತಾರಂತೆ. ಚಿಕ್ಕಪ್ಪ ಪೆಟ್ಟಿಗೆ ಎತ್ತಿಕೊಂಡು, ಚಾಣ ಇದೆಯಾ ಎಂದು ಮುಟ್ಟಿ ನೋಡಿಕೊಂಡು, ಗಾಡಿ ಹತ್ತಿದ.